ಪತಿಯ ಹೆಸರನ್ನು ಸ್ಪಷ್ಟವಾಗಿ ಹೇಳಿ

ಸಿಂದಗಿಯ ನಮ್ಮ ಓಣಿಯಲ್ಲಿರುವ ಜ್ಞಾನಕಿರಣ ಕಂಪ್ಯೂಟರ್ ಕಲಿಕಾ ಕೇಂದ್ರದ ದಾಖಲೆಯ ಪ್ರಕಾರ ನನ್ನ ಧರ್ಮಪತ್ನಿಯ ಹೆಸರು ಇಮಾಮಬಿ. ಅವರು ಆರೋಗ್ಯವಾಗಿದ್ದಾರೆ.

ನನ್ನ ಹೆಸರು ರೇವಣಪ್ಪ. ಮಾರ್ಕೆಟ್ಟಿನಲ್ಲಿ ಹಮಾಲಿ. ತೊಗರಿ, ಜೋಳದ ಚೀಲ ಹೊರುತ್ತೇನೆ. ನನ್ನ ಹೆಂಡತಿ ತಿಪ್ಪವ್ವ ಹೋದ ಶ್ರಾವಣದಲ್ಲಿ ತೀರಿಕೊಂಡಳು. ಇದು ಓಣಿಗೆಲ್ಲ ಗೊತ್ತು. ಆದರೆ ಅದು ಓಣಿಯ ತಿಳುವಳಿಕೆ. ದಾಖಲೆಯ ತಿಳುವಳಿಕೆ ಬೇರೆ. ದಾಖಲೆಯಲ್ಲಿ ತಿಪ್ಪವ್ವ ನಮ್ಮ ಪಕ್ಕದ ಮನೆಯ ಜೈನುದ್ದೀನನ ಹೆಂಡತಿ. ಹೀಗಾಗಿ ಹೆಂಡತಿಯನ್ನು ಕಳೆದುಕೊಂಡವನು ಜೈನುದ್ದೀನ. ಅವನಿಗೆ ಕೇಂದ್ರದಿಂದ ಸಾಂತ್ವನದ ಶಾಲು ಬಂದಿದೆ. ನನಗೆ ಬಂದದ್ದು ಕುಕ್ಕರ್.

ಇದು ಹೇಗಾಯಿತು ಎಂದು ಹೊರಗಿನವರು ಕೇಳುತ್ತಾರೆ. ತಪ್ಪು ಯಾರದೂ ಅಲ್ಲ. ಎಲ್ಲರೂ ನಿಯಮದಂತೆ ನಡೆದುಕೊಂಡರು.

ಕೇಂದ್ರ ಇರುವುದು ಹಳೆಯ ಬೀಜದ ಗೋದಾಮಿನಲ್ಲಿ. ಒಳಗೆ ಕಾಲಿಟ್ಟರೆ ಈಗಲೂ ತೊಗರಿ ವಾಸನೆ. ಬಡವರ ಮಕ್ಕಳಿಗೆ, ದೊಡ್ಡವರಿಗೆ ಪುಕ್ಕಟೆ ಕಂಪ್ಯೂಟರ್ ಕಲಿಸಬೇಕೆಂದು ಯಾವುದೋ ದೊಡ್ಡ ಊರಿನ ಸಂಸ್ಥೆ ಇದನ್ನು ತೆಗೆದಿದೆ. ದಾನಿಗಳ ಹೆಸರು ಕೆತ್ತಿದ ಕಲ್ಲು ಒಂದು ಗೋಡೆ ತುಂಬ ಇದೆ. ಪಾಠ ಬರೆಯುವ ಹಲಗೆಗೆ ಜಾಗ ಉಳಿಯಲಿಲ್ಲ. ಆದ್ದರಿಂದ ಪಾಠ ಬಾಯಿಂದಲೇ ನಡೆಯುತ್ತದೆ. ಮಕ್ಕಳ ಪಾಳಿ ಮುಂಜಾನೆ. ಕರೆಂಟು ಬರುವುದು ಮಧ್ಯಾಹ್ನ. ಮಕ್ಕಳು ಕಂಪ್ಯೂಟರಿನ ಚಿತ್ರ ಬಿಡಿಸುವುದನ್ನು ಬಹಳ ಚೆನ್ನಾಗಿ ಕಲಿತಿದ್ದಾರೆ.

ಬಂದ ಕಂಪ್ಯೂಟರುಗಳಲ್ಲಿ ಅರ್ಧ ಮೇಜಿನ ಮೇಲಿವೆ. ಉಳಿದರ್ಧ ಪೆಟ್ಟಿಗೆಯಲ್ಲೇ ಇವೆ. 'ಹೊಚ್ಚ ಹೊಸ ಕಂಪ್ಯೂಟರುಗಳು ಲಭ್ಯ ಇವೆ' ಎಂದು ವರದಿಯಲ್ಲಿ ಬರೆದಾಗಿದೆ. ಪೆಟ್ಟಿಗೆ ಒಡೆದರೆ ಹೊಸದು ಹಳೆಯದಾಗುತ್ತದೆ. ವರದಿ ಸುಳ್ಳಾಗುತ್ತದೆ. ಕೇಂದ್ರದ ವ್ಯವಸ್ಥಾಪಕರಾದ ಚೇತನಕುಮಾರ ಸಾಹೇಬರು ಮುದ್ದೇಬಿಹಾಳದವರು, ಸುಳ್ಳು ಸಹಿಸುವುದಿಲ್ಲ. ಅವರು ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ತಮ್ಮ ಕೋಣೆಗೆ ಗೋಡೆ ಮಾಡಿಕೊಂಡಿದ್ದಾರೆ. ಗೋಡೆಯ ಆಚೆ ಎಸಿ ಇದೆ. ಎಸಿ ಬಂದದ್ದು ಕಂಪ್ಯೂಟರುಗಳಿಗಾಗಿ. ಪೆಟ್ಟಿಗೆಯೊಳಗಿನ ಕಂಪ್ಯೂಟರುಗಳು ತಂಪಾಗಿವೆ.

ಹೀಗಾಗಿ ಮೇಜಿನ ಮೇಲಿನ ಒಂದೊಂದು ಕಂಪ್ಯೂಟರಿಗೆ ಇಬ್ಬಿಬ್ಬರು ಕೂಡಬೇಕಾಯಿತು. ಮುಂದಿನದೆಲ್ಲ ಇದರಿಂದ ಆದದ್ದು.

ಪಾಠ ಹೇಳುವವಳು ಶಾಹಿಸ್ತಾ. ನಮ್ಮ ಓಣಿಯ ಹುಡುಗಿ, ಬಿಕಾಂ ಮುಗಿಸಿದ್ದಾಳೆ. ಹೆಂಗಸರನ್ನು ಮನೆಮನೆಗೆ ಹೋಗಿ ಎಬ್ಬಿಸಿಕೊಂಡು ಬಂದವಳು ಅವಳೇ. ನಮ್ಮ ಮನೆಗೂ ಬಂದಳು.

"ಕಾಕು, ಮೊಬೈಲ್‌ನ್ಯಾಗ ಧಾರಾವಾಹಿ ನೋಡಾಕ ಬರ್ತೈತಿ, ಕಂಪ್ಯೂಟರ್ ಯಾಕ ಬರಂಗಿಲ್ಲ?"

ತಿಪ್ಪವ್ವ ರೊಟ್ಟಿ ಬಡಿಯುತ್ತಿದ್ದಳು. "ಕಲ್ತು ಏನ್ ಮಾಡ್ಲಿ? ಅದರ ಮ್ಯಾಲ ರೊಟ್ಟಿ ಬೇಯ್ತಾವೇನು?"

"ಬಿಸಿ ಅಂತೂ ಆಗ್ತೈತ್ರಿ" ಅಂದಳು ಶಾಹಿಸ್ತಾ.

ಮರುದಿನದಿಂದ ತಿಪ್ಪವ್ವ ಹೋದಳು. ಜೋಡಿಗೆ ಪಕ್ಕದ ಮನೆಯ ಇಮಾಮಬಿ. ಇಮಾಮಬಿಯ ಗಂಡ ಜೈನುದ್ದೀನ ಬಸ್‌ಸ್ಟ್ಯಾಂಡಿನ ಹಿಂದೆ ಸೈಕಲ್ ರಿಪೇರಿ ಮಾಡುತ್ತಾನೆ. ಕಿವಿ ಮಂದ. ಆಗ ಅವನೇ ಅವಳ ಗಂಡ ಆಗಿದ್ದ.

ಪ್ರವೇಶದ ಅರ್ಜಿಯನ್ನು ಕಂಪ್ಯೂಟರಿನಲ್ಲೇ ತುಂಬಬೇಕು. ಕಂಪ್ಯೂಟರ್ ಬಾರದವರು ಕಂಪ್ಯೂಟರ್ ಕಲಿಯಲು ಕಂಪ್ಯೂಟರಿನಲ್ಲಿ ಅರ್ಜಿ ತುಂಬುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಮೇಲಿನವರೇ ಯೋಚಿಸಿ ಉಪಾಯ ಮಾಡಿದ್ದರು. ಕಂಪ್ಯೂಟರ್ ಕೇಳುತ್ತದೆ. ಕಲಿಯುವವರು ಬಾಯಿಂದ ಹೇಳುತ್ತಾರೆ. ಯಾವ ದನಿ ಯಾರದು ಎಂದು ಅದು ನೆನಪಿಟ್ಟುಕೊಳ್ಳುತ್ತದೆ. ಯಾರು ಹೇಳಿದರೋ ಅವರ ಕಡತಕ್ಕೇ ಆ ಮಾತು ಸೇರುತ್ತದೆ. ಒಂದೇ ಕಂಪ್ಯೂಟರಿನ ಮುಂದೆ ಇಬ್ಬರು ಕೂತರೂ ಗೊಂದಲ ಆಗಬಾರದೆಂದು ಈ ವ್ಯವಸ್ಥೆ.

ಮೊದಲು ಹೆಸರು ಕೇಳಿತು. ಹೇಳಿದರು. ಊರು ಕೇಳಿತು. ಹೇಳಿದರು. ತಿಪ್ಪವ್ವ ತನ್ನ ತವರುಮನೆ ಹೊರ್ತಿ ಅಂತಲೂ ಹೇಳಿದಳು. ಅದನ್ನು ಅದು ಕೇಳಿರಲಿಲ್ಲ. ಆಮೇಲೆ ಬೆಂಗಳೂರು ಕಡೆಯ ಹುಡುಗಿಯ ದನಿಯಲ್ಲಿ, "ನಿಮ್ಮ ಪತಿಯ ಹೆಸರನ್ನು ಸ್ಪಷ್ಟವಾಗಿ ಹೇಳಿ" ಅಂದಿತು.

ಗೋದಾಮಿನ ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡರು.

ನಮ್ಮ ಓಣಿಯ ಹಳೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹಿಂದೂಗಳಿರಲಿ, ಮುಸ್ಲಿಮರಿರಲಿ, ಇದೊಂದು ರಿವಾಜು ಎರಡೂ ಕಡೆ ಒಂದೇ. 'ನಮ್ಮನಿಯವರು' ಅನ್ನುತ್ತಾರೆ. ಸಿಟ್ಟು ಬಂದರೆ 'ಇಂವ' ಅನ್ನುತ್ತಾರೆ. ದವಾಖಾನೆಯಲ್ಲಿ, ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೆ ಪಕ್ಕದಲ್ಲಿ ನಿಂತ ಹೆಂಗಸು ಹೇಳುತ್ತಾಳೆ. ಆಕೆಯ ಪಾಳಿ ಬಂದಾಗ ಈಕೆ ಹೇಳುತ್ತಾಳೆ. ಇದನ್ನು ಯಾರೂ ಉಪಕಾರ ಅಂತ ಲೆಕ್ಕ ಹಿಡಿಯುವುದಿಲ್ಲ.

ಮದುವೆಯಲ್ಲಿ ಮಾತ್ರ ಒಂದು ಸವಲತ್ತು. ಹೊಸ ಹೆಂಡತಿ ಒಡಪು ಕಟ್ಟಬೇಕು. ಎರಡು ಸಾಲಿನ ಪದ. ಅದರೊಳಗೆ ಗಂಡನ ಹೆಸರನ್ನು ಸೇರಿಸಿ ಒಮ್ಮೆ ಹೇಳಬಹುದು. ತಿಪ್ಪವ್ವ ಅಲ್ಲಿಯೂ ಹೇಳಲಿಲ್ಲ. ಅರ್ಧ ಒಡಪು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡಳು. ನಮ್ಮವ್ವ, "ಹೆಸರ ಹೇಳೂ ಮಟಾ ಒಳಗ ಬಿಡಂಗಿಲ್ಲ" ಎಂದು ಬಾಗಿಲಿಗೆ ಅಡ್ಡ ನಿಂತಳು. ಬಿಸಿಲು ಏರಿತು. ನಮ್ಮವ್ವನ ಕಾಲು ನೊಂದವು. ಬಿಟ್ಟಳು.

ಆಮೇಲೆ ನಾವು ಬಹಳ ವರ್ಷ ಸಂಸಾರ ಮಾಡಿದೆವು. ಅವಳ ಬಾಯಲ್ಲಿ ನನ್ನ ಹೆಸರು ನಾನು ಕೇಳಿಲ್ಲ. ಅದರಿಂದ ತೊಂದರೆ ಏನೂ ಇರಲಿಲ್ಲ. ಅವಳು ಒಂದು ಥರ ಕೆಮ್ಮುತ್ತಿದ್ದಳು. ಕರೆದಳು ಅಂತ ತಿಳಿದು ನಾನು "ಓ" ಅನ್ನುತ್ತಿದ್ದೆ.

ಕಂಪ್ಯೂಟರಿಗೆ ಕೆಮ್ಮು ತಿಳಿಯುವುದಿಲ್ಲ. ಅದು ಮತ್ತೆ ಕೇಳಿತು. ಪತಿಯ ಹೆಸರನ್ನು ಸ್ಪಷ್ಟವಾಗಿ ಹೇಳಿ.

"ಮೊದ್ಲ ನಿನ್ನ ಗಂಡನ ಹೆಸರ ಹೇಳವಾ, ನೋಡೂಣು" ಎಂದು ತಿಪ್ಪವ್ವ ಕಂಪ್ಯೂಟರಿಗೇ ಅಂದಳು.

ಅದು ಮತ್ತೂ ಅದನ್ನೇ ಕೇಳಿತು.

"ಗಟ್ಟಿ ಅದಾಳ ಹುಡುಗಿ. ಬಿಡಾಕಿ ಅಲ್ಲ" ಅಂದಳು ಇಮಾಮಬಿ. ಅಂದು, ಬಗ್ಗಿ, ಸ್ಪಷ್ಟವಾಗಿ, "ರೇವಣಪ್ಪ" ಅಂದಳು.

"ಧನ್ಯವಾದಗಳು" ಅಂದಿತು ಕಂಪ್ಯೂಟರ್. ಇಮಾಮಬಿಯ ದನಿ ಅದಕ್ಕೆ ಗೊತ್ತಿತ್ತು. ಇಮಾಮಬಿಯ ಕಡತದಲ್ಲಿ ಪತಿ ರೇವಣಪ್ಪ ಎಂದು ಬರೆದುಕೊಂಡಿತು.

ಇಮಾಮಬಿಯ ಪಾಳಿ ಬಂದಾಗ ತಿಪ್ಪವ್ವ, "ಜೈನುದ್ದೀನ" ಅಂದಳು. "ಧನ್ಯವಾದಗಳು." ಆಚೆ ಮೇಜಿನಲ್ಲಿ ಭಾಗ್ಯಾ ಜೋಹರಾಬಿಯ ಗಂಡನನ್ನು ಹೇಳಿದಳು. ಜೋಹರಾಬಿ ಭಾಗ್ಯಾಳ ಗಂಡ ಮಲ್ಲಣ್ಣನನ್ನು ಹೇಳಿದಳು. ಹಿಂದಿನ ಮೇಜಿನಲ್ಲೂ ಹಾಗೇ. ಸಂಜೆಯೊಳಗೆ ಓಣಿಯ ಸಂಸಾರಗಳೆಲ್ಲ ಜೋಡಿ ಜೋಡಿಯಾಗಿ ಅದಲುಬದಲಾದವು. ಹೆಂಗಸರು ಎಂದಿನಂತೆ ತಮ್ಮ ತಮ್ಮ ಮನೆಗೆ ಬಂದು ಒಲೆ ಹಚ್ಚಿದರು.

ಸಂಸ್ಥೆಯ ಇಂಡಿ ಕೇಂದ್ರದಲ್ಲಿ, ಬಸವನ ಬಾಗೇವಾಡಿ ಕೇಂದ್ರದಲ್ಲಿ ಪತಿಯ ಹೆಸರಿನ ಖಾನೆ ಪೂರ್ತಿ ಖಾಲಿ ಉಳಿಯಿತು. ಅಲ್ಲಿ ಪೆಟ್ಟಿಗೆ ಒಡೆದುಬಿಟ್ಟಿದ್ದರು. ಒಬ್ಬೊಬ್ಬರಿಗೆ ಒಂದೊಂದು ಕಂಪ್ಯೂಟರ್. ಹೆಸರು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ನಮ್ಮಲ್ಲಿ ಒಂದೂ ಖಾನೆ ಖಾಲಿ ಇಲ್ಲ. ಆದ್ದರಿಂದ ನಮ್ಮ ಕೇಂದ್ರಕ್ಕೆ 'ದೋಷರಹಿತ ದಾಖಲೆ' ಪ್ರಶಸ್ತಿ ಬಂದಿತು. ಚೇತನಕುಮಾರ ಸಾಹೇಬರು ಅದನ್ನು ಪೆಟ್ಟಿಗೆಯ ಗೋಡೆಗೆ ಒರಗಿಸಿ ಇಟ್ಟರು.

ಶ್ರಾವಣದಲ್ಲಿ ತಿಪ್ಪವ್ವನಿಗೆ ಜ್ವರ ಬಂದಿತು. ವಿಜಯಪುರದ ದವಾಖಾನೆಗೆ ಒಯ್ದೆವು. ತಿರುಗಿ ತಂದೆವು. ಅದರ ಬಗ್ಗೆ ಹೇಳುವುದು ಇಷ್ಟೇ.

ಮಣ್ಣು ಮಾಡಿ ಬಂದ ಮರುದಿನ ಚೇತನಕುಮಾರ ಸಾಹೇಬರು ಶಾಲು ಹಿಡಿದುಕೊಂಡು ಓಣಿಗೆ ಬಂದರು. ನಮ್ಮ ಮನೆಯ ಮುಂದೆ ಜನ ಕೂತಿದ್ದರು. ಅವರು ಚಪ್ಪಲಿಗಳನ್ನು ಸರಿಸಿ ದಾರಿ ಮಾಡಿಕೊಂಡು ಜೈನುದ್ದೀನನ ಮನೆಗೆ ಹೋದರು. ಜೈನುದ್ದೀನ ಬಾಗಿಲಿಗೆ ಬಂದ.

"ನಿಮ್ಮ ಧರ್ಮಪತ್ನಿಯವರ ಅಗಲಿಕೆಯಿಂದ ಕೇಂದ್ರಕ್ಕೆ ತುಂಬಲಾರದ ನಷ್ಟವಾಗಿದೆ" ಅಂದರು ಸಾಹೇಬರು.

ಜೈನುದ್ದೀನನಿಗೆ ಧರ್ಮಪತ್ನಿ ಅನ್ನುವಷ್ಟು ಕೇಳಿಸಿತು. "ಆಕಿ ರೇವಣಪ್ಪನ ಮನ್ಯಾಗ ಅಡಗಿ ಮಾಡಾಕತ್ತಾಳ್ರಿ. ಕರೀಲೇನು?"

ಸಾಹೇಬರು ಅವನ ಭುಜ ಹಿಡಿದರು. "ದುಃಖದಾಗ ಹಿಂಗ ಅನಸ್ತೈತ್ರಿ. ಸಮಾಧಾನ ಮಾಡ್ಕೋರಿ." ಶಾಲು ಹೊಚ್ಚಿದರು. ಫೋಟೋ ಹಿಡಿದರು.

ಜೈನುದ್ದೀನ ಶಾಲು ತಂದು ನನಗೆ ಕೊಡಲು ನೋಡಿದ. "ನಿಂದ ಇದು, ತಪ್ಪಿ ನನಗ ಬಂದೈತಿ" ಅಂದ. ಸಾಹೇಬರು ತಡೆದರು. ಸಾಂತ್ವನದ ಶಾಲನ್ನು ಒಬ್ಬರಿಂದ ಒಬ್ಬರಿಗೆ ವರ್ಗಾಯಿಸಲು ಅವಕಾಶ ಇಲ್ಲವಂತೆ. ಜೈನುದ್ದೀನ ಅದನ್ನು ಹೊದ್ದುಕೊಂಡೇ ನಮ್ಮ ಕಟ್ಟೆಯ ಮೇಲೆ ಕೂತ. ಸೆಕೆ ಇತ್ತು. ಬೆವರಿದ. ತೆಗೆಯಲಿಲ್ಲ.

"ಆಫೀಸಿನವರು ಹೊಚ್ಯಾರ. ತಗದ್ರ ಆಕೀಗಿ ಅವಮಾನ ಆಗ್ತೈತಿ" ಅಂದ. ಬೆವರು ಒರೆಸಿಕೊಂಡು, "ಚೊಲೊ ಹೆಣ್ಮಗಳು ಇದ್ಲು" ಅಂದ.

ಹೌದು ಅಂದೆ.

ದಸರೆಯ ಮುಂದೆ ಒಂದು ದಿನ ಶಾಹಿಸ್ತಾ ಮನೆಗೆ ಬಂದಳು. ನಾನು ಹಂಚಿನ ಮೇಲೆ ರೊಟ್ಟಿ ಸುಡುತ್ತಿದ್ದೆ. ಅದು ರೊಟ್ಟಿ ಅಂತ ನಾನು ಹೇಳಿದ ಮೇಲೆ ಅವಳು ಒಪ್ಪಿಕೊಂಡಳು.

"ಕಾಕಾ, ದನಿ ಮುದ್ರಣದ ಪಾಠ ಮಾಡಿದ್ವಿ. ಅದರಾಗ ಕಾಕು ಒಂದ ಒಡಪ ಹೇಳಿ ಇಟ್ಟಾಳ್ರಿ. ಕಂಪ್ಯೂಟರ್‌ನ್ಯಾಗ ಐತಿ."

ಕೈ ಸುಟ್ಟುಕೊಂಡೆ. "ಹೆಸರ ಹೇಳ್ಯಾಳೇನು?"

"ನಾ ಕೇಳಿಲ್ರಿ. ಹುಡುಗಿ ಮುಂದ ಹೇಳಾಕ ನಾಚಿಕಿ ಆಗ್ತೈತಿ ಅಂತ ಎಲ್ಲಾರೂ ಕೂಡಿ ನನ್ನ ಹೊರಗ ಹಾಕಿದ್ರು. ಆದ್ರ ಲಗೂ ಹೋಗ್ರಿ ಕಾಕಾ. ದೀಪಾವಳಿ ಆದ ಮ್ಯಾಲ ಹೊಸಾ ತಂಡ ಬರ್ತೈತಿ. ತೀರಿಕೊಂಡವ್ರ ಕಡತ ಆವಾಗ ಅಳಸಿಬಿಡ್ತಾರ."

ಇಮಾಮಬಿಯನ್ನು ಕೇಳಿದೆ. ಅವಳು ಅಂದು ಪಕ್ಕದಲ್ಲೇ ಇದ್ದಳು.

"ನಗೂದ್ರಾಗ ಯಾರ ಏನ್ ಅಂದ್ರು ಒಂದೂ ನೆನಪಿಲ್ರಿ ಅಣ್ಣಾರ. ಆದ್ರ ನಿಮ್ಮ ಹೆಸರ ಬಂದದ್ದು ಖರೆ ಐತಿ. ನನ್ನ ಕಿವೀಲೆ ಕೇಳೇನಿ."

ನಾನು ಕೇಂದ್ರಕ್ಕೆ ಹೋದೆ. ಪೆಟ್ಟಿಗೆ ಗೋಡೆಯ ಆಚೆ ತಂಪಾಗಿತ್ತು. ಚೇತನಕುಮಾರ ಸಾಹೇಬರು ಕುರ್ಚಿ ಕೊಟ್ಟರು. ಮರ್ಯಾದೆಯ ಮನುಷ್ಯ.

"ನೀವು ಮೃತರಿಗೆ ಏನಾಗಬೇಕ್ರಿ?"

"ಗಂಡ ರೀ."

ಕಂಪ್ಯೂಟರ್ ನೋಡಿದರು. "ಇಲ್ಲಿ ಹಂಗ ಇಲ್ರಿ. ಮೃತರ ಪತಿ ಜೈನುದ್ದೀನ. ನಿಮ್ಮ ಪತ್ನಿ ಇಮಾಮಬಿ. ಅವರು ಆರಾಮ ಅದಾರ. ಹಾಜರಾತಿನೂ ಚೊಲೊ ಐತಿ. ನಿಮಗ ಯಾವ ದುಃಖನೂ ಇಲ್ರಿ."

"ಇಮಾಮಬಿ ನನಗ ತಂಗಿ ಇದ್ದಂಗ್ರಿ."

"ಅದು ನಿಮ್ಮ ಮನೆತನದ ವಿಷಯ. ಅದರಾಗ ಕೇಂದ್ರ ತಲಿ ಹಾಕಂಗಿಲ್ಲ."

"ದಾಖಲಿ ತಪ್ಪ ಐತ್ರಿ."

ಅವರು ಪ್ರಶಸ್ತಿಯನ್ನು ತೋರಿಸಿದರು. ದೋಷರಹಿತ ಎಂದು ಅಚ್ಚಾಗಿತ್ತು. ಅಚ್ಚಾದ ಮೇಲೆ ದೋಷ ಇರಲು ಬರುವುದಿಲ್ಲ ಎಂದು ತಿಳಿಸಿ ಹೇಳಿದರು. ಆದರೂ ಜನರ ಅನುಕೂಲಕ್ಕಾಗಿ ತಿದ್ದುಪಡಿಯ ನಿಯಮ ಒಂದು ಇದೆ. ಅದನ್ನು ಓದಿದರು. 'ಕಲಿಕಾರ್ಥಿಯು ಖುದ್ದು ಹಾಜರಾಗಿ, ತನ್ನ ಸ್ವಂತ ದನಿಯಲ್ಲಿ, ಪತಿಯ ಸರಿಯಾದ ಹೆಸರನ್ನು ಸ್ಪಷ್ಟವಾಗಿ ಹೇಳತಕ್ಕದ್ದು.'

"ಆಕಿ ಸತ್ತಾಳ್ರಿ."

"ಗೊತ್ತೈತ್ರಿ. ಶಾಲು ನಾನ ಹೊಚ್ಚೇನಲ್ಲ. ಆದ್ರ ಸಾವು ಅನ್ನೂದು ಗೈರುಹಾಜರಿಗೆ ಕಾರಣ ಆಗ್ತೈತಿ. ನಿಯಮಕ್ಕ ವಿನಾಯಿತಿ ಆಗಂಗಿಲ್ಲ."

"ಇದ್ದಾಗ ಹೇಳ್ಲಿಲ್ರಿ ಆಕಿ. ಈಗೆಲ್ಲಿ ಹೇಳ್ತಾಳ?"

"ಪ್ರಯತ್ನ ಮಾಡ್ರಿ" ಅಂದರು.

ಇನ್ನೊಂದು ಹಾದಿಯನ್ನೂ ಅವರೇ ತೋರಿಸಿದರು. ಇಮಾಮಬಿ ಬಂದು ಜೈನುದ್ದೀನನ ಹೆಸರು ಹೇಳಿದರೆ ಜೈನುದ್ದೀನ ಅವಳ ಕಡತಕ್ಕೆ ಹೋಗುತ್ತಾನೆ. ತಿಪ್ಪವ್ವನ ಖಾನೆ ಖಾಲಿಯಾಗುತ್ತದೆ. ಖಾಲಿ ಖಾನೆಗೆ ವಿಚಾರಣೆ ಮಾಡಿ ನನ್ನನ್ನು ತುಂಬಬಹುದು.

ಇಮಾಮಬಿ ಬಂದಳು. ತಲೆಯ ಮೇಲೆ ಸೆರಗು ಹೊದ್ದು ಕಂಪ್ಯೂಟರಿನ ಮುಂದೆ ಕೂತಳು.

"ನಿಮ್ಮ ಪತಿಯ ಹೆಸರನ್ನು ಸ್ಪಷ್ಟವಾಗಿ ಹೇಳಿ."

"ಸೈಕಲ್ಲಿನವ್ರು" ಅಂದಳು.

"ಸೈಕಲ್ಲಿನವರು ಎಂಬ ಹೆಸರು ಸಿಗಲಿಲ್ಲ."

"ಕಿವಿ ಮಂದ ಐತಲ್ಲ, ಅವ್ರು."

"ಕ್ಷಮಿಸಿ."

"ಖಲೀಲನ ಅಬ್ಬಾ."

"ಕ್ಷಮಿಸಿ. ಪತಿಯ ಹೆಸರನ್ನು ಸ್ಪಷ್ಟವಾಗಿ ಹೇಳಿ."

ಅವಳು ಎದ್ದಳು. ಮುಖ ಕೆಂಪಾಗಿತ್ತು. "ಅಣ್ಣಾರ, ನಿಮ್ಮ ಹೆಸರಾದ್ರ ಹಗಲೆಲ್ಲಾ ಹೇಳ್ತೇನಿ. ಅವ್ರದು ಬಾಯಾಗ ಬರಂಗಿಲ್ಲ. ಮಷೀನಿನ ಸಲುವಾಗಿ ಈ ವಯಸ್ಸಿನ್ಯಾಗ ನಾಚಿಕಿ ಬಿಡ್ಲೇನ್ರಿ?"

ಬ್ಯಾಡ ತಂಗಿ ಅಂದೆ. ಅವಳನ್ನು ಒತ್ತಾಯಿಸುವ ಹಕ್ಕು ದಾಖಲೆಯ ಪ್ರಕಾರ ನನಗಿತ್ತು. ಉಪಯೋಗಿಸಲಿಲ್ಲ.

ಇನ್ನು ಉಳಿದವನು ಜೈನುದ್ದೀನ. ತೀರಿಕೊಂಡವರ ಕಡತ ಕೇಳುವ ಹಕ್ಕು ಪತಿಗೆ ಇದೆ. ಅವನು ಅಂಗಡಿ ಮುಚ್ಚಿ, ಕೈಯ ಗ್ರೀಸ್ ತೊಳೆದು, ಶಾಲು ಹೊದ್ದುಕೊಂಡು ಬಂದ. ನೆಲದ ಮೇಲೆ ಹಳದಿ ಪಟ್ಟಿ ಇದೆ. 'ಸಂಬಂಧಿಕರಲ್ಲದವರು ಇಲ್ಲಿಯೇ ನಿಲ್ಲಿ' ಎಂದು ಬರೆದಿದೆ. ನಾನು ಅಲ್ಲಿ ನಿಂತೆ. ಜೈನುದ್ದೀನ ಮುಂದೆ ಹೋಗಿ ಕೂತ. ಖಾಸಗಿ ಕಡತವಾದ್ದರಿಂದ ಕಿವಿಗೆ ಹಾಕುವ ಯಂತ್ರದಲ್ಲೇ ಕೇಳಬೇಕು. ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಕಣ್ಣು ಮುಚ್ಚಿ ಕೇಳಿದ. ಒಮ್ಮೆ ತಲೆ ಆಡಿಸಿದ. ಮುಗಿಯಿತು.

"ಏನಂದ್ಲು?" ಅಂದೆ, ಪಟ್ಟಿಯ ಈಚೆಯಿಂದ.

"ಗುಂಯ್ ಅಂತೈತಿ. ನಡುವ ಒಮ್ಮಿ ರೊಟ್ಟಿ ಅಂದಂಗಾತು. ಉಣ್ಣಾಕ ಕರ್ದಿರಬೇಕು."

"ನನ್ನ ಹೆಸರು?"

ಅವನು ನನ್ನ ಮುಖ ನೋಡಿದ. "ರೇವಣಪ್ಪಾ, ನಿನಗ ಸಮಾಧಾನ ಆಗೂದ ಹೇಳ್ಲೋ, ಖರೆ ಹೇಳ್ಲೋ?"

"ಖರೆ ಹೇಳು."

"ಕೇಳ್ಲಿಲ್ಲ."

ಇಬ್ಬರೂ ಹೊರಗೆ ಬಂದು ಚಹಾ ಕುಡಿದೆವು. ಅವನು ನನಗಿಂತ ಹೆಚ್ಚು ನೊಂದುಕೊಂಡಿದ್ದ. ಅವನಿಗೆ ಸಮಾಧಾನ ಹೇಳಿದೆ. ನಿಯಮದ ಪ್ರಕಾರವೂ ಅದು ಸರಿಯೇ ಇತ್ತು.

ದೀಪಾವಳಿ ಹತ್ತಿರ ಬಂದಾಗ ಶಾಹಿಸ್ತಾ ಒಂದು ಮಾತು ತೆಗೆದಳು. ಒಡಪಿನಲ್ಲಿ ತಿಪ್ಪವ್ವ ಹೆಸರು ಹೇಳಿದ್ದರೆ ಅದು ಅವಳ ಸ್ವಂತ ದನಿ. ಆ ದನಿಯನ್ನು ತಿದ್ದುಪಡಿ ಕಂಪ್ಯೂಟರಿನ ಮುಂದೆ ಗಟ್ಟಿಯಾಗಿ ಹಚ್ಚಿದರೆ ತಿಪ್ಪವ್ವ ಖುದ್ದು ಹೇಳಿದಂತೆಯೇ. ಆದರೆ ಅರ್ಜಿ ಕೊಡಬೇಕಾದವನು ಪತಿ. ಜೈನುದ್ದೀನನ ಅರ್ಜಿಯನ್ನು ಅವಳೇ ಬರೆದಳು. 'ನನ್ನ ದಿವಂಗತ ಪತ್ನಿಯಾದ ತಿಪ್ಪವ್ವಳ ಪತಿ ನಾನು ಅಲ್ಲವಾದ್ದರಿಂದ, ಸದರಿಯವಳ ಪತಿಯ ಹೆಸರನ್ನು ತಿದ್ದಿಕೊಡಬೇಕೆಂದು ಪತಿಯಾದ ನಾನು ವಿನಂತಿಸಿಕೊಳ್ಳುತ್ತೇನೆ.'

ಚೇತನಕುಮಾರ ಸಾಹೇಬರು ಎರಡು ಸಲ ಓದಿದರು. "ವಾಕ್ಯ ನಿಯಮದಾಗ ಐತಿ" ಅಂದರು. ಬಾಗಿಲಿಗೆ ಪ್ರಕಟಣೆ ಅಂಟಿಸಿದರು.

'ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ದಿವಂಗತ ಕಲಿಕಾರ್ಥಿಯೊಬ್ಬರು ತಮ್ಮ ದಾಖಲೆಯ ತಿದ್ದುಪಡಿಗಾಗಿ ದನಿಯ ಮೂಲಕ ಖುದ್ದು ಹಾಜರಾಗಲಿದ್ದಾರೆ. ಎಲ್ಲರೂ ಶಾಂತತೆ ಕಾಪಾಡಬೇಕು. ಸಂಬಂಧಿಕರಲ್ಲದವರು ಪಟ್ಟಿಯ ಹಿಂದೆ ನಿಲ್ಲಬೇಕು. ದಿವಂಗತರು ಬಂದಾಗ ಫೋಟೋ ತೆಗೆಯುವಂತಿಲ್ಲ.'

ಓಣಿಗೆ ಓಣಿಯೇ ಬಂದಿತು. ಭಾಗ್ಯಾ, ಮಲ್ಲಣ್ಣ, ಜೋಹರಾಬಿ. ಮಲ್ಲಣ್ಣ ಬೆಳಿಗ್ಗೆ ಹೆಂಡತಿಯ ಜೊತೆ ಜಗಳಾಡಿ ಬಂದಿದ್ದ. "ದಾಖಲಿ ಒಳಗ ನೀ ನನ್ನ ಹೇಣ್ತಿನೇ ಅಲ್ಲ" ಎಂದು ಬಾಗಿಲಲ್ಲೇ ಅಂದ. "ಹಂಗಾದ್ರ ರಾತ್ರಿ ರೊಟ್ಟಿ ದಾಖಲಿ ಮನ್ಯಾಗ ಉಣ್ಣು" ಅಂದಳು ಭಾಗ್ಯಾ. ಜೋಹರಾಬಿ, "ನಮ್ಮ ಮನ್ಯಾಗ ಹಿಟ್ಟಿಲ್ಲವಾ" ಅಂದಳು. ಸಾಹೇಬರು ಶಾಂತತೆ ಅಂದರು.

ನಾನು ಪಟ್ಟಿಯ ಹಿಂದೆ ನಿಂತೆ. ಜೈನುದ್ದೀನ ಶಾಲು ಸರಿಮಾಡಿಕೊಂಡು ಮುಂದೆ ಕೂತ. ತಿದ್ದುಪಡಿ ಕಂಪ್ಯೂಟರ್ ಕೇಳಿತು. "ನಿಮ್ಮ ಪತಿಯ ಹೆಸರನ್ನು ಸ್ಪಷ್ಟವಾಗಿ ಹೇಳಿ."

ಶಾಹಿಸ್ತಾ ಗುಂಡಿ ಒತ್ತಿದಳು.

ಮೊದಲು ಹೆಂಗಸರ ನಗು ಬಂತು. ಬಳೆ ಸಪ್ಪಳ. "ಸುಮ್ಕಿರ್ರೆ ಸ್ವಲ್ಪ" ಎಂದು ಯಾರೋ ಅಂದರು. ಆಮೇಲೆ ತಿಪ್ಪವ್ವ ಕೆಮ್ಮಿದಳು.

"ಓ" ಅಂದೆ.

ಎಲ್ಲರೂ ತಿರುಗಿ ನೋಡಿದರು. ಸಾಹೇಬರು, "ಸಂಬಂಧಿಕರಲ್ಲದವರು ಉತ್ತರ ಕೊಡಬಾರದು" ಅಂದರು. ದನಿ ಮುಂದೆ ಹೋಯಿತು.

"ಹೊಸಾ ಹಂಚಿನ ಮ್ಯಾಲ ಕರಕಾತು ರೊಟ್ಟಿ,
ನನ್ನ ತಪ್ಪೆಲ್ಲಾ ಹಾಕ್ಕೊಂಡೈತಿ..."

ಅಲ್ಲಿ ನಿಂತಳು. ಉಸಿರು ಎಳೆದುಕೊಂಡದ್ದು ಕೇಳಿಸಿತು. ಬಳೆ ಮೇಲೆ ಹೋದ ಸಪ್ಪಳ. ಸೆರಗು ಬಾಯಿಗೆ ಹೋಯಿತು. ಅದು ನನಗೆ ಕಾಣಿಸಿತು. ಹೇಳುತ್ತಾಳೆ ಅಂದುಕೊಂಡೆ.

"ಹೇಳ, ಹೇಳ" ಎಂದು ಹೆಂಗಸರು ಅನ್ನುತ್ತಿದ್ದರು.

"ರೇವಣಪ್ಪ" ಎಂದು ಬಂತು. ಬಹಳ ಸ್ಪಷ್ಟವಾಗಿ. ಇಮಾಮಬಿಯ ದನಿ.

"...ಅವರ ಹೊಟ್ಟಿ" ಎಂದು ತಿಪ್ಪವ್ವ ನಗುತ್ತ ಮುಗಿಸಿದಳು.

ಕಂಪ್ಯೂಟರ್ ಸ್ವಲ್ಪ ಯೋಚಿಸಿತು. ಆಮೇಲೆ ಹೇಳಿತು. "ಧನ್ಯವಾದಗಳು, ಇಮಾಮಬಿಯವರೇ. ನಿಮ್ಮ ಪತಿ ರೇವಣಪ್ಪ ಎಂಬುದು ಎರಡನೇ ಬಾರಿ ದೃಢಪಟ್ಟಿದೆ. ಸದರಿ ದನಿಯ ಕಡತವನ್ನು ನಿಮ್ಮ ಖಾತೆಗೆ ವರ್ಗಾಯಿಸಲಾಗಿದೆ. ಇನ್ನು ಮುಂದೆ ತಿದ್ದುಪಡಿಗೆ ಅವಕಾಶವಿಲ್ಲ."

ಇಮಾಮಬಿ ಕೆನ್ನೆಗೆ ಕೈ ಹಚ್ಚಿದಳು. "ಅಯ್ಯ, ನನ್ನ ಕಿವೀಲೆ ಕೇಳೇನಿ ಅಂದಿದ್ದೆ. ನನ್ನ ಬಾಯೇ ಇತ್ತೇನು ಅದು."

"ಏನಾತು?" ಅಂದ ಜೈನುದ್ದೀನ.

"ಏನಿಲ್ರಿ. ನಾನೂ ಅಣ್ಣಾರೂ ಪಕ್ಕಾ ಆದ್ವಿ" ಎಂದು ಅವನ ಕಿವಿಯ ಹತ್ತಿರ ಕೂಗಿ ಹೇಳಿದಳು.

"ಆಗ್ಲಿ, ಚೊಲೊ ಆತು" ಅಂದ. ಎಷ್ಟು ಕೇಳಿಸಿತೋ ಗೊತ್ತಿಲ್ಲ.

ಚೇತನಕುಮಾರ ಸಾಹೇಬರು ನನ್ನ ಕೈ ಕುಲುಕಿದರು. ದಾಖಲೆ ದೋಷರಹಿತ ಎಂಬುದು ಸಾರ್ವಜನಿಕವಾಗಿ ಸಾಬೀತಾಯಿತು ಅಂದರು. ನಾನು ಹೊರಡಲು ತಿರುಗಿದೆ. ಆಗ ಶಾಹಿಸ್ತಾ, "ಸರ್, ಒಂದ ಮಾತ್ರಿ" ಅಂದಳು. "ಕಡತ ಈಗ ಇಮಾಮಬಿ ಕಾಕು ಖಾತೆಗೆ ಬಂತು. ಅವ್ರು ಜೀವಂತ ಅದಾರ. ಅಂದ ಮ್ಯಾಲ ಅಳಸಂಗಿಲ್ಲ. ಮತ್ತ ಪತ್ನಿ ಒಪ್ಪಿದ್ರ ಆಕಿ ಕಡತ ಪತಿ ಕೇಳಬಹುದು, ಹೌದಲ್ರಿ?"

ಸಾಹೇಬರು ನಿಯಮ ತೆಗೆದು ಓದಿದರು. ತಿರುವಿ ಹಾಕಿ ಓದಿದರು.

"ಹೌದ್ರಿ. ಕೆಲಸದ ದಿನ, ಕರೆಂಟ್ ಇದ್ದಾಗ. ಪತಿಗೆ ಪೂರ್ಣ ಹಕ್ಕೈತಿ. ಪತ್ನಿ ಒಪ್ಪಿಗಿ?"

"ಒಪ್ಪೇನ್ರಿ" ಅಂದಳು ಇಮಾಮಬಿ. ಅಷ್ಟು ಬೇಗ ಅವಳು ಯಾವ ಮಾತಿಗೂ ಒಪ್ಪಿದ್ದನ್ನು ಓಣಿ ನೋಡಿರಲಿಲ್ಲ.

"ಹಂಗಾದ್ರ ರೇವಣಪ್ಪನವರ, ಮುಂದ ಬರ್ರಿ. ಜೈನುದ್ದೀನ ಅವರ, ನೀವು ಪಟ್ಟಿ ಹಿಂದ ಹೋಗ್ರಿ."

ನಾವು ಜಾಗ ಬದಲಿಸಿದೆವು. ಹೋಗುವಾಗ ಜೈನುದ್ದೀನ ನನ್ನ ಬೆನ್ನು ಚಪ್ಪರಿಸಿದ.

ಎರಡು ಬಾರಿ ದೃಢಪಟ್ಟ ಜೋಡಿ ಸಂಸ್ಥೆಯಲ್ಲಿ ಇನ್ನೊಂದು ಇಲ್ಲ. ಆದ್ದರಿಂದ ಈ ವರ್ಷದ 'ಆದರ್ಶ ಡಿಜಿಟಲ್ ದಂಪತಿ' ನಾನು ಮತ್ತು ಇಮಾಮಬಿ. ವೇದಿಕೆಯಲ್ಲಿ ಕುಕ್ಕರ್ ಕೊಟ್ಟರು. ಆದರ್ಶ ಸಂಸಾರದ ಗುಟ್ಟು ಏನು ಎಂದು ಮೇಲಿನಿಂದ ಬಂದವರು ಕೇಳಿದರು. "ಬ್ಯಾರೆ ಬ್ಯಾರೆ ಮನ್ಯಾಗ ಇರ್ತೇವ್ರಿ" ಅಂದಳು ಇಮಾಮಬಿ. ಅವರು ಬರೆದುಕೊಂಡರು. ಜೈನುದ್ದೀನನಿಗೆ ಪತ್ನಿಯನ್ನು ಕಳೆದುಕೊಂಡವರ ಮೀಸಲು ಸೀಟು ಸಿಕ್ಕಿದೆ. ಶಾಲು ಹೊದ್ದುಕೊಂಡು ಬಂದು ಟೈಪಿಂಗ್ ಕಲಿಯುತ್ತಾನೆ. ಭಾಗ್ಯಾ ಮಲ್ಲಣ್ಣನಿಗೆ ಮತ್ತೆ ರೊಟ್ಟಿ ಹಾಕುತ್ತಿದ್ದಾಳೆ, ದಾಖಲೆ ನೋಡದೆ. ಇಂಡಿ, ಬಾಗೇವಾಡಿ ಕೇಂದ್ರಗಳಲ್ಲಿ ಒಡೆದ ಪೆಟ್ಟಿಗೆಗಳನ್ನು ಮತ್ತೆ ಅಂಟಿಸಿ, ಇಬ್ಬಿಬ್ಬರನ್ನು ಕೂಡಿಸಲು ಆದೇಶ ಹೋಗಿದೆ.

ಮಾರ್ಕೆಟ್ಟಿನ ಅಡತಿ ಅಂಗಡಿಗಳು ಬಂದ್ ಇದ್ದ ದಿನ ನಾನು ಕೇಂದ್ರಕ್ಕೆ ಹೋಗುತ್ತೇನೆ. ಕಂಪ್ಯೂಟರ್, "ಸ್ವಾಗತ ರೇವಣಪ್ಪನವರೇ" ಅನ್ನುತ್ತದೆ. ಕಿವಿಗೆ ಹಾಕಿಕೊಳ್ಳುತ್ತೇನೆ. ಅವಳು ಕೆಮ್ಮುತ್ತಾಳೆ. ಓ ಅನ್ನುತ್ತೇನೆ. ಈಗ ಯಾರೂ ತಡೆಯುವುದಿಲ್ಲ. ರೊಟ್ಟಿ ಕರಕಾಗುತ್ತದೆ. ಆಮೇಲೆ ಇಮಾಮಬಿ ಹೇಳುವ ಮುಂಚೆ ಸ್ವಲ್ಪ ಹೊತ್ತು ಖಾಲಿ ಇದೆ. ಬಳೆ ಸಪ್ಪಳ ಇದೆ. ನಾನು ಹೋಗುವುದು ಅಷ್ಟನ್ನು ಕೇಳಲು. ಅವಳು ಹೇಳಲಿಲ್ಲ. ಹೇಳುವವಳೂ ಅಲ್ಲ.

ಮುಗಿದ ಮೇಲೆ ಕಂಪ್ಯೂಟರ್, "ನಿಮ್ಮ ಪತ್ನಿಯವರಿಗೆ ಕೇಂದ್ರದ ಶುಭಾಶಯ ತಿಳಿಸಿ" ಅನ್ನುತ್ತದೆ. ಮನೆಗೆ ಹೋಗುವಾಗ ಜೈನುದ್ದೀನನ ಬಾಗಿಲಲ್ಲಿ ನಿಂತು ತಿಳಿಸುತ್ತೇನೆ.

"ಆತ್ರಿ ಅಣ್ಣಾರ" ಅನ್ನುತ್ತಾಳೆ ಇಮಾಮಬಿ. ಒಳಗೆ ಆ ಬಹುಮಾನದ ಕುಕ್ಕರ್ ಸೀಟಿ ಹೊಡೆಯುತ್ತದೆ. ನೋಡಲು ಹೋಗುತ್ತಾಳೆ.